ಕಮ್ಮಾರ ದೇವರ ಗುಡಿ

ಕೇಳುಗರಿಗೆ ನಮಸ್ಕಾರ.

ಅಥೆನ್ಸಿಗೆ ಹೋದವರು ಮೊದಲು ಕತ್ತೆತ್ತಿ ನೋಡುವುದು ಗುಡ್ಡದ ಮೇಲಿನ ಪಾರ್ಥೆನಾನ್ ಗುಡಿಯನ್ನು. ನಾನೂ ಹಾಗೇ ಮಾಡಿದೆ. ಬೆವರು ಒರೆಸಿಕೊಳ್ಳುತ್ತಾ ಗುಡ್ಡ ಹತ್ತಿದೆ. ಅಲ್ಲಿ ಕ್ರೇನು, ಸಾರುವೆ, ಜನರ ನೂಕುನುಗ್ಗಲು. ಗುಡಿಗೆ ಚಾವಣಿ ಇಲ್ಲ, ಹೊಟ್ಟೆಯೂ ಇಲ್ಲ. 1687ರಲ್ಲಿ ತುರ್ಕರು ಅದರೊಳಗೆ ಸಿಡಿಮದ್ದು ತುಂಬಿಟ್ಟಿದ್ದರು. ವೆನಿಸ್‌ನವರು ಹಾರಿಸಿದ ಗುಂಡು ನೇರ ಅಲ್ಲಿಗೇ ಬಿತ್ತು. ಈಗ ಉಳಿದಿರುವುದೂ ಭವ್ಯವಾಗಿದೆ, ಸುಳ್ಳಲ್ಲ. ಆದರೆ ಗ್ರೀಕರ ಗುಡಿಯೊಂದನ್ನು ಇಡಿಯಾಗಿ ನೋಡಬೇಕೆಂಬ ಆಸೆ ತೀರಲಿಲ್ಲ.

ಅದು ತೀರಿದ್ದು ಕೆಳಗಿಳಿದ ಮೇಲೆ. ಗುಡ್ಡದ ವಾಯವ್ಯಕ್ಕೆ ಅಗೋರಾ ಎಂಬ ಬಯಲಿದೆ. ಹಳೇ ಅಥೆನ್ಸಿನ ಸಂತೆ, ನ್ಯಾಯ, ರಾಜಕೀಯ, ಹರಟೆ ಎಲ್ಲವೂ ನಡೆಯುತ್ತಿದ್ದ ಜಾಗ. ಅದರ ಪಡುವಣ ದಿಬ್ಬದ ಮೇಲೆ ಮರಗಳ ನಡುವೆ ಒಂದು ಗುಡಿ ನಿಂತಿದೆ. ನಿನ್ನೆ ಮೊನ್ನೆ ಬೀಗ ಹಾಕಿಕೊಂಡು ಹೋದ ಹಾಗೆ. ಹೆಫೈಸ್ಟಸ್ ದೇವರ ಗುಡಿ. ವಯಸ್ಸು 2,400 ವರ್ಷಕ್ಕೂ ಜಾಸ್ತಿ.

ಒಳಗೆ ಬಿಡುವುದಿಲ್ಲ. ಸುಮ್ನೆ ಸುತ್ತು ಹಾಕಬೇಕು. ನಾನು ಕಂಬ ಎಣಿಸುತ್ತಾ ಹೊರಟೆ. ಮುಂದೆ ಆರು, ಹಿಂದೆ ಆರು, ಎರಡೂ ಪಕ್ಕಕ್ಕೆ ಹದಿಮೂರು ಹದಿಮೂರು. ಮೂವತ್ತೆಂಟು ಎಂದುಕೊಂಡೆ. ಮೂಲೆಯ ಕಂಬಗಳನ್ನು ಎರಡೆರಡು ಸಲ ಲೆಕ್ಕ ಹಿಡಿದಿದ್ದೆ! ಇರುವುದು ಮೂವತ್ತನಾಲ್ಕು. ಪೆಂಟೆಲಿ ಬೆಟ್ಟದಿಂದ ತಂದ ಬಿಳಿ ಅಮೃತಶಿಲೆ ಬಿಸಿಲು ಮಳೆಗೆ ಸಿಕ್ಕಿ ಈಗ ಜೇನಿನ ಬಣ್ಣಕ್ಕೆ ತಿರುಗಿದೆ.

ದೇವರ ಕಥೆ ಹೇಳಲೇಬೇಕು. ಹೆಫೈಸ್ಟಸ್ ದೇವತೆಗಳ ಕಮ್ಮಾರ. ಕಾಲು ಕುಂಟು. ಅಪ್ಪ ಅಮ್ಮನ ಜಗಳದಲ್ಲಿ ಅಮ್ಮನ ಪರ ಮಾತಾಡಿದ್ದಕ್ಕೆ ಅಪ್ಪ ಜ್ಯೂಸ್ ಕಾಲು ಹಿಡಿದು ಆಕಾಶದಿಂದ ಎಸೆದನಂತೆ. ಬೆಳಗಿನಿಂದ ಸಂಜೆವರೆಗೂ ಬೀಳುತ್ತಲೇ ಇದ್ದು, ಹೊತ್ತು ಮುಳುಗುವಾಗ ಲೆಮ್ನಾಸ್ ದ್ವೀಪದ ಮೇಲೆ ಬಿದ್ದನಂತೆ. ಹೋಮರನ ಕಾವ್ಯದಲ್ಲಿ ಇದನ್ನು ಹೆಫೈಸ್ಟಸ್ ತಾನೇ ಹೇಳುತ್ತಾನೆ. ಅವನು ಕುಂಟುತ್ತಾ ಓಡಾಡಿ ಪಾನೀಯ ಹಂಚುವುದನ್ನು ಕಂಡು ದೇವತೆಗಳೆಲ್ಲ ನಗುತ್ತಾರೆ. ಆದರೆ ಅವರಿಗೆ ಅರಮನೆ ಬೇಕಾದರೂ ಆಯುಧ ಬೇಕಾದರೂ ಇವನ ಕುಲುಮೆಗೇ ಬರಬೇಕು. ಗ್ರೀಕ್ ದೇವತೆಗಳಲ್ಲಿ ಮೈಬಗ್ಗಿಸಿ ದುಡಿದು ಬೆವರುವವನು ಇವನೊಬ್ಬನೇ ಅನ್ನಿಸುತ್ತದೆ ನನಗೆ.

ಗುಡಿಯ ಸುತ್ತಮುತ್ತ ಇದ್ದದ್ದೂ ಕಂಚು ಎರಕ ಹೊಯ್ಯುವವರು, ಕುಂಬಾರರು. ಒಳಗೆ ಹೆಫೈಸ್ಟಸ್ ಜೊತೆಗೆ ಅಥೀನಾ ದೇವಿಯ ಕಂಚಿನ ವಿಗ್ರಹವೂ ಇತ್ತು. ಅವಳು ನೇಯ್ಗೆ ಮತ್ತು ಕೈಕಸುಬಿನ ದೇವತೆ. ಶರತ್ಕಾಲದಲ್ಲಿ ಈ ಇಬ್ಬರಿಗೂ ಸೇರಿ ಖಾಲ್ಕಿಯಾ ಎಂಬ ಹಬ್ಬ ಮಾಡುತ್ತಿದ್ದರು. ಕಮ್ಮಾರರ ಹಬ್ಬ ಅದು. ಅದೇ ದಿನ ಅಥೀನಾಳಿಗೆ ಉಡಿಸುವ ಬಟ್ಟೆಗೆ ಮಗ್ಗ ಹೂಡುತ್ತಿದ್ದರು. ಆಯುಧಪೂಜೆ ನೆನಪಾಗುತ್ತದೆ, ಅಲ್ವಾ?

ಗುಡಿಯ ಕೆಲಸ ಶುರುವಾದದ್ದು ಕ್ರಿಸ್ತಪೂರ್ವ 449ರ ಸುಮಾರಿಗೆ. ಅಷ್ಟರಲ್ಲಿ ಗುಡ್ಡದ ಮೇಲೆ ಪಾರ್ಥೆನಾನ್ ಶುರುವಾಯಿತು. ದುಡ್ಡು, ಕೆಲಸಗಾರರು ಎಲ್ಲ ಆ ಕಡೆ ಹೋದರು ಎನ್ನುತ್ತಾರೆ. ಇದು ಮುಗಿಯಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಕುಂಟ ದೇವರು ಕಾಯುತ್ತಾ ಕೂತಿದ್ದ.

ಇಷ್ಟೆಲ್ಲ ಆಗಿ, ಇದೊಂದೇ ಹೇಗೆ ಉಳಿಯಿತು? ಜನ ಬಿಡಲಿಲ್ಲ, ಅಷ್ಟೆ. ಸುಮಾರು ಏಳನೇ ಶತಮಾನದಲ್ಲಿ ಇದನ್ನು ಸಂತ ಜಾರ್ಜನ ಚರ್ಚ್ ಮಾಡಿಕೊಂಡರು. ಗರ್ಭಗುಡಿಯ ಮೇಲೆ ಈಗಿರುವ ಕಮಾನು ಚಾವಣಿ ಚರ್ಚಿನ ಕಾಲದ್ದೇ. ಈ ಸಂತನಿಗೆ ಜನ ಇಟ್ಟ ಅಡ್ಡಹೆಸರು ಅಕಮಾಟಿಸ್, ಅಂದರೆ ಸೋಮಾರಿ. ವರ್ಷಕ್ಕೆ ಒಂದೇ ದಿನ ಬಾಗಿಲು ತೆರೆಯುತ್ತಿದ್ದರು, ಅದಕ್ಕೇ ಆ ಹೆಸರು ಎಂದು ಒಂದು ಕಥೆ. ಹಗಲೂ ರಾತ್ರಿ ಸುತ್ತಿಗೆ ಹಿಡಿದ ದೇವರ ಮನೆಗೆ ಸೋಮಾರಿ ಸಂತ ಬಾಡಿಗೆಗೆ ಬಂದ ಹಾಗಾಯಿತು! ಕೊನೆಯ ಪ್ರಾರ್ಥನೆ ನಡೆದದ್ದು 1834ರಲ್ಲಿ, ಗ್ರೀಸಿನ ಹೊಸ ದೊರೆ ಒಟ್ಟೊ ಅಥೆನ್ಸಿಗೆ ಬಂದಾಗ. ಅಥೆನ್ಸಿನಲ್ಲಿ ತೀರಿಕೊಂಡ ಪ್ರಾಟೆಸ್ಟೆಂಟ್ ಪರದೇಶಿಗಳನ್ನೂ ಇದರೊಳಗೆ ಹೂಳಿದ್ದುಂಟು. ಆಮೇಲೆ ನೂರು ವರ್ಷ ಮ್ಯೂಸಿಯಂ ಆಗಿತ್ತು. ದೇವರು ಬದಲಾದರು, ಹೆಣ ಬಂತು, ಒಡೆದ ವಿಗ್ರಹಗಳು ಬಂದವು. ಗೋಡೆ ಮಾತ್ರ ಯಾರದೋ ಒಬ್ಬರ ಉಪಯೋಗಕ್ಕೆ ಬರುತ್ತಲೇ ಇತ್ತು.

ಹೆಸರು ಮಾತ್ರ ಕೈತಪ್ಪಿ ಹೋಗಿತ್ತು. ಕಂಬಗಳ ಮೇಲಿನ ತೊಲೆಸಾಲಿನ ಕೆತ್ತನೆಗಳಲ್ಲಿ ಥೀಸಿಯಸ್ ಎಂಬ ವೀರನ ಸಾಹಸಗಳಿವೆ. ಗೂಳಿತಲೆಯ ರಾಕ್ಷಸನ ಜೊತೆ ಕಾದಾಟವೂ ಇದೆ. ಅದನ್ನು ನೋಡಿ ಜನ ಇದು ಥೀಸಿಯಸ್‌ನದೇ ಗುಡಿ ಅಂದುಕೊಂಡರು. ಪಕ್ಕದ ಮೆಟ್ರೋ ಸ್ಟೇಷನ್ನಿಗೆ ಇವತ್ತಿಗೂ ಥಿಸ್ಸಿಯೋ ಎಂದೇ ಹೆಸರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗಿಡಗಳು. 1930ರ ದಶಕದಲ್ಲಿ ಅಮೆರಿಕದ ಪುರಾತತ್ವಜ್ಞೆ ಡೊರೊಥಿ ಬರ್ ಥಾಂಪ್ಸನ್ ಇಲ್ಲಿ ಅಗೆಸುವಾಗ ಬಂಡೆಯಲ್ಲಿ ಕೊರೆದ ಗುಂಡಿಗಳು ಸಿಕ್ಕವು. ಕಂಬಗಳ ಸಾಲಿಗೆ ಸರಿಯಾಗಿ ಗುಂಡಿಗಳ ಸಾಲು. ತಳದಲ್ಲಿ ಮಣ್ಣಿನ ಕುಂಡಗಳು. ಅಂದರೆ ಗುಡಿಯ ಸುತ್ತ ತೋಟವಿತ್ತು. ಆಮೇಲೆ ಅಲ್ಲಿ ಮತ್ತೆ ದಾಳಿಂಬೆ, ಮರ್ಟಲ್ ಗಿಡಗಳನ್ನು ನೆಟ್ಟರು. ನಾನು ಹೋದಾಗ ಒಂದು ದಾಳಿಂಬೆ ಗಿಡ ಹೂ ಬಿಟ್ಟಿತ್ತು. ಕಂಬದ ಜೇನುಬಣ್ಣದ ಮುಂದೆ ಆ ಕೆಂಪು ಕೆಂಡದ ಹಾಗೆ ಕಾಣುತ್ತಿತ್ತು.

ಅಲ್ಲಿಂದ ನಡೆದುಕೊಂಡು ಮೊನಾಸ್ತಿರಾಕಿಯ ಹಳೇ ಸಾಮಾನು ಬೀದಿಗೆ ಬಂದೆ. ಬೀದಿಯ ಹೆಸರು ಇಫೆಸ್ಟು. ಇವತ್ತಿನ ಗ್ರೀಕರ ಬಾಯಲ್ಲಿ ಹೆಫೈಸ್ಟಸ್ ಇಫೆಸ್ಟೋಸ್ ಆಗಿದ್ದಾನೆ, ಇದು ಅವನದೇ ಬೀದಿ. ಅಂಗಡಿಯೊಂದರಲ್ಲಿ ಕಾಫಿ ಕಾಯಿಸುವ, ಉದ್ದ ಹಿಡಿಯ ತಾಮ್ರದ ಚಿಕ್ಕ ಪಾತ್ರೆ ತೂಗುಹಾಕಿದ್ದರು. ಒಂದು ಕಡೆ ಸ್ವಲ್ಪ ತಗ್ಗಿತ್ತು. ಬೇರೆ ಕೊಡಲೇ ಎಂದು ಅಂಗಡಿಯಾತ ಸನ್ನೆ ಮಾಡಿದ. ಬೇಡ, ಅದೇ ಇರಲಿ ಅಂದೆ.

ನಮಸ್ಕಾರ.