ಮಗುವಿನ ಬ್ಯಾಗು ನೀವು ತುಂಬಬೇಡಿ

(ಸ್ಕೌಟ್ ಟ್ರೂಪಿಗೆ, ಅಂದರೆ ಸ್ಕೌಟ್ ಮಕ್ಕಳ ತಂಡಕ್ಕೆ, ಹೊಸದಾಗಿ ಸೇರಿದ ಮಕ್ಕಳ ಮನೆಯವರ ಮುಂದೆ ಸ್ಕೌಟ್ ಮಾಸ್ಟರ್ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ಮಕ್ಕಳು ಹೊರಗೆ ಆಡುತ್ತಿದ್ದಾರೆ. ಅವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಅಂತ ಒಳಗೆ ಬರುವಾಗಲೇ ಇಬ್ಬರು ಕೇಳಿದರು. ಮೈದಾನದ ಅಂಚಿನಲ್ಲಿ ನಮ್ಮ ಇಬ್ಬರು ದೊಡ್ಡವರು ನಿಂತಿದ್ದಾರೆ. ಆದರೆ ಆಟ ಆಡಿಸುತ್ತಿರುವುದು 14 ವರ್ಷದ ಒಬ್ಬ ಹುಡುಗಿ. ಯಾವ ಆಟ ಅಂತ ನನಗೂ ಗೊತ್ತಿಲ್ಲ. ಅದನ್ನು ಅವರೇ ಆರಿಸಿಕೊಂಡಿದ್ದಾರೆ.

ಇದನ್ನು ಕೇಳಿ ಕೆಲವರ ಮುಖದಲ್ಲಿ ಸ್ವಲ್ಪ ಗಾಬರಿ ಕಾಣಿಸುತ್ತಿದೆ. ಇರಲಿ. ಟ್ರೂಪ್ ಅಂದರೆ ಟ್ಯೂಷನ್ ಥರ ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಮಾಸ್ಟರ್ ಹೇಳಿಕೊಡುತ್ತಾರೆ, ಮಕ್ಕಳು ಕಲಿತುಕೊಂಡು ಬರುತ್ತಾರೆ, ವರ್ಷದ ಕೊನೆಗೆ ಒಂದು ಪದಕ ಸಿಗುತ್ತದೆ ಅಂತ. ಇಲ್ಲಿ ನಡೆಯುವುದು ಬೇರೆ. ಟ್ರೂಪನ್ನು ನಡೆಸುವವರು ಮಕ್ಕಳು. ಅವರು ನಡೆಸುವುದಕ್ಕೆ ಜಾಗ ಮಾಡಿಕೊಟ್ಟು ಪಕ್ಕದಲ್ಲಿ ನಿಲ್ಲುವವರು ನಾವು. ನೀವು ಇನ್ನೂ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಅದೇ ಕಷ್ಟ, ಅದಕ್ಕೇ ಈ ಸಭೆ ಕರೆದಿರುವುದು.

ಇದು ನಮ್ಮ ತಲೆಯಿಂದ ಹುಟ್ಟಿದ್ದಲ್ಲ. ಸ್ಕೌಟಿಂಗ್ ಶುರುಮಾಡಿದ ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯಾಗಿದ್ದವರು. 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅವರು ಕಾಯುತ್ತಿದ್ದ ಮೆಫೆಕಿಂಗ್ ಊರನ್ನು ಶತ್ರುಗಳು ಮುತ್ತಿದರು. ಮುತ್ತಿಗೆ 217 ದಿನ ನಡೆಯಿತು. ಊರೊಳಗೆ ಸೈನಿಕರು ಕಡಿಮೆ. ಆಗ ಹುಡುಗರ ಒಂದು ತಂಡಕ್ಕೆ ಸಂದೇಶ ಒಯ್ಯುವಂಥ ಕೆಲಸಗಳನ್ನು ಕೊಟ್ಟರು. ಹುಡುಗರು ಅದನ್ನು ಚೆನ್ನಾಗಿಯೇ ಮಾಡಿದರು. ಹುಡುಗರ ಮೇಲೆ ಜವಾಬ್ದಾರಿ ಹಾಕಿದರೆ ಹೊರುತ್ತಾರೆ ಅನ್ನುವುದನ್ನು ಅಲ್ಲಿ ಅವರು ಕಣ್ಣಾರೆ ಕಂಡರು.

1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಅನ್ನುವ ಪುಟ್ಟ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋದರು. ದೊಡ್ಡ ಶಾಲೆಗಳಲ್ಲಿ ಓದುವ ಶ್ರೀಮಂತರ ಮಕ್ಕಳೂ ಇದ್ದರು, ದುಡಿಯುವವರ ಮನೆಯ ಮಕ್ಕಳೂ ಇದ್ದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಹುಡುಗರನ್ನು ನಾಲ್ಕು ಗುಂಪು ಮಾಡಿದರು. ತೋಳ, ಗೂಳಿ, ಕಾಗೆಯ ಜಾತಿಯ ರೇವನ್, ಕರ್ಲ್ಯೂ ಅನ್ನುವ ನೀರುಹಕ್ಕಿ, ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು. ಪ್ರತಿ ಗುಂಪಿಗೂ ಒಬ್ಬ ಹುಡುಗನೇ ನಾಯಕ. ಅಂದರೆ ಸ್ಕೌಟಿಂಗ್ ಶುರುವಾದ ಮೊದಲ ಶಿಬಿರದಲ್ಲೇ ಈ ಗುಂಪಿನ ಪದ್ಧತಿ ಇತ್ತು. ಸಮವಸ್ತ್ರದ ನಿಯಮ ಎಲ್ಲ ಆಮೇಲೆ ಸೇರಿಕೊಂಡಿದ್ದು.

ಹೆಣ್ಣುಮಕ್ಕಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಹತ್ತಿರ ಸ್ಕೌಟುಗಳ ದೊಡ್ಡ ಸಮಾವೇಶ ನಡೆಯಿತು. ಅಲ್ಲಿಗೆ ಒಂದಷ್ಟು ಹುಡುಗಿಯರು ಯಾರೂ ಕರೆಯದೇ ಬಂದು, ನಾವೂ ಸ್ಕೌಟುಗಳೇ ಅಂತ ನಿಂತರು. 1910ರಲ್ಲಿ ಗೈಡ್ ಸಂಸ್ಥೆ ಹುಟ್ಟಿದ್ದು ಹಾಗೆ. ಅದರ ಹೊಣೆ ಹೊತ್ತವರು ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್. ಕೆಲವು ಕಡೆ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಘಟಕಗಳಿವೆ, ಕೆಲವು ಕಡೆ ಒಟ್ಟಿಗೇ ಇರುತ್ತಾರೆ. ಕೆಲಸದ ರೀತಿ ಎರಡರಲ್ಲೂ ಒಂದೇ.

ಈಗ ನಮ್ಮ ಟ್ರೂಪಿಗೆ ಬರೋಣ. ಆರರಿಂದ ಎಂಟು ಮಕ್ಕಳ ಒಂದು ಗುಂಪಿಗೆ ಪೆಟ್ರೋಲ್ ಅಂತ ಹೆಸರು. ಬಂಕಿನಲ್ಲಿ ಹಾಕಿಸುವ ಪೆಟ್ರೋಲ್ ಅಲ್ಲ. ಪ್ರತಿ ವರ್ಷ ಯಾರಾದರೂ ಮನೆಗೆ ಹೋಗಿ "ಅಪ್ಪಾ, ನಾನು ಪೆಟ್ರೋಲ್ ಲೀಡರ್" ಅಂತಾರೆ, ಆ ಅಪ್ಪ ತಲೆ ಕೆರೆದುಕೊಳ್ಳುತ್ತಾರೆ. ಗಸ್ತು ತಿರುಗುವ ತುಕಡಿ ಅನ್ನುವ ಅರ್ಥದ ಪದ ಅದು. ಮೂರು ನಾಲ್ಕು ಪೆಟ್ರೋಲ್ ಸೇರಿದರೆ ಒಂದು ಟ್ರೂಪ್.

ನಿಮ್ಮ ಮಗು ಸೇರುವುದು ಟ್ರೂಪಿಗೆ ಅನ್ನುವುದಕ್ಕಿಂತ ಒಂದು ಪೆಟ್ರೋಲಿಗೆ ಅನ್ನಬೇಕು. ಅಲ್ಲಿ ಒಬ್ಬರು ಲೀಡರ್, ಒಬ್ಬರು ಉಪನಾಯಕರು. ಒಬ್ಬರು ಸಾಮಾನು ನೋಡಿಕೊಳ್ಳುತ್ತಾರೆ, ಒಬ್ಬರು ಲೆಕ್ಕ ಬರೆಯುತ್ತಾರೆ, ಒಬ್ಬರು ನಡೆದದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಎಂಟೇ ಜನ ಇರುವ ಕಡೆ ಯಾರೂ ಮೂಲೆಯಲ್ಲಿ ಸುಮ್ನೆ ಕೂರುವ ಹಾಗಿಲ್ಲ. 40 ಮಕ್ಕಳ ತರಗತಿಯಲ್ಲಿ ಬಾಯಿ ಬಿಡದ ಮಗು ಇಲ್ಲಿ ಎರಡನೇ ತಿಂಗಳಿಗೆ ಜಗಳ ಆಡುವುದನ್ನು ನಾನು ನೋಡಿದ್ದೇನೆ. ನನಗೆ ಅದು ಒಳ್ಳೆಯ ಸೂಚನೆಯಾಗಿಯೇ ಕಂಡಿದೆ.

ಲೀಡರುಗಳೆಲ್ಲ ಸೇರಿ ಕೂರುವ ಸಭೆಗೆ ಕೋರ್ಟ್ ಆಫ್ ಆನರ್ ಅಂತಾರೆ. ಮುಂದಿನ ಶಿಬಿರ ಎಲ್ಲಿ, ಏನು ಕಲಿಯಬೇಕು, ಯಾರಾದರೂ ತಪ್ಪು ಮಾಡಿದ್ದರೆ ಏನು ಮಾಡಬೇಕು, ಎಲ್ಲ ಅಲ್ಲಿ ಮಾತಾಗುತ್ತದೆ. ಸ್ಕೌಟ್ ಮಾಸ್ಟರ್ ಅಲ್ಲಿ ಇರುತ್ತಾರೆ, ಆದರೆ ಮಾತು ಕಡಿಮೆ ಆಡಬೇಕು. ನನಗಂತೂ ಈ ನಿಯಮ ಪಾಲಿಸುವುದು ಕಷ್ಟವೇ. ಈಗ ನನ್ನ ಭಾಷಣ ಕೇಳುತ್ತಿರುವ ನಿಮಗೆ ಅದು ಗೊತ್ತಾಗಿರಬಹುದು.

ನಾನು ಹೊಸದಾಗಿ ಬಂದಾಗಿನ ಒಂದು ಶಿಬಿರದ ಕಥೆ ಹೇಳುತ್ತೇನೆ. ಒಂದು ಪೆಟ್ರೋಲಿನವರು ಟೆಂಟ್ ಹಾಕಲು ಜಾಗ ಹುಡುಕುತ್ತಿದ್ದರು. ಮೆತ್ತಗೆ, ಸಮತಟ್ಟಾಗಿ, ನೆರಳಿರುವ ಒಂದು ಜಾಗ ಸಿಕ್ಕಿತು. ಅದು ಯಾಕೆ ಮೆತ್ತಗಿತ್ತು ಅಂದರೆ, ಸುತ್ತಲಿನ ನೀರೆಲ್ಲ ಹರಿದು ಬಂದು ನಿಲ್ಲುವ ತಗ್ಗು ಅದು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಹೇಳಲು ಹೊರಟೆ. ಜೊತೆಗಿದ್ದ ಹಿರಿಯ ಮಾಸ್ಟರ್ ನನ್ನ ತೋಳು ಹಿಡಿದು ಕೇಳಿದರು, "ಮಳೆ ಬಂದರೆ ಏನಾಗುತ್ತದೆ?"

"ಒದ್ದೆಯಾಗುತ್ತಾರೆ, ಸರ್."

"ಅಷ್ಟೇ ಅಲ್ವಾ? ಹಾಗಾದರೆ ಸುಮ್ನಿರಿ."

ಎರಡನೇ ರಾತ್ರಿ ಮಳೆ ಬಂತು. ಏಳು ಮಕ್ಕಳು ಹೊದಿಕೆ ಹಿಂಡಿಕೊಂಡು ಬೇರೆ ಪೆಟ್ರೋಲಿನ ಟೆಂಟುಗಳಿಗೆ ನುಗ್ಗಿದರು. ಬೆಳಿಗ್ಗೆ ಎಲ್ಲರ ಕಣ್ಣೂ ಕೆಂಪು. ಅವರ ಲೀಡರ್ ಯಾರ ಮೇಲೂ ತಪ್ಪು ಹಾಕಲಿಲ್ಲ, ಯಾಕೆಂದರೆ ಹಾಕಲು ಯಾರೂ ಇರಲಿಲ್ಲ. ಜಾಗ ಆರಿಸಿದ್ದು ಅವನೇ. ಮುಂದಿನ ಶಿಬಿರದಲ್ಲಿ ಅವನು ಒಂದು ಲೋಟ ನೀರು ಹಿಡಿದುಕೊಂಡು ಓಡಾಡುತ್ತಿದ್ದ. ಅಲ್ಲಲ್ಲಿ ಸ್ವಲ್ಪ ಸುರಿದು ಎತ್ತ ಹರಿಯುತ್ತದೆ ಅಂತ ನೋಡುತ್ತಿದ್ದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಅವತ್ತು ಬಾಯಿ ಬಿಟ್ಟಿದ್ದರೆ ಅವನು ಟೆಂಟನ್ನು ಹತ್ತು ಅಡಿ ಆಚೆ ಹಾಕಿ, ವಿಷಯವನ್ನು ಅಲ್ಲೇ ಮರೆಯುತ್ತಿದ್ದ.

ಹಾಗಂತ ಎಲ್ಲಕ್ಕೂ ಸುಮ್ಮನೆ ನೋಡುತ್ತ ನಿಲ್ಲುತ್ತೇವೆ ಅಂದುಕೊಳ್ಳಬೇಡಿ. ಒದ್ದೆಯಾಗುವುದು ಬೇರೆ, ಪೆಟ್ಟಾಗುವುದು ಬೇರೆ. ಬೆಂಕಿ, ಚಾಕು, ನೀರು, ಜ್ವರ, ಇವುಗಳಲ್ಲಿ ದೊಡ್ಡವರ ಮಾತೇ ಕೊನೆ. ಚಾಕು ಹಿಡಿಯುವುದನ್ನು ಕಲಿತು ತೋರಿಸುವ ತನಕ ಯಾರ ಕೈಗೂ ಚಾಕು ಕೊಡುವುದಿಲ್ಲ. ಬೆಂಕಿ ಹಚ್ಚುವ ಮೊದಲು ಆರಿಸುವ ನೀರು ಪಕ್ಕದಲ್ಲಿರಬೇಕು. ಒಬ್ಬ ದೊಡ್ಡವರು ಒಂದೇ ಮಗುವಿನ ಜೊತೆ ಯಾರ ಕಣ್ಣಿಗೂ ಬೀಳದ ಕಡೆ ಇರುವಂತಿಲ್ಲ. ನಾನೂ ಅಷ್ಟೇ. ಫೋನ್ ಸಂದೇಶಕ್ಕೂ ಇದೇ ನಿಯಮ, ಮಗುವಿಗೆ ಏನಾದರೂ ಕಳಿಸಿದರೆ ಇನ್ನೊಬ್ಬ ದೊಡ್ಡವರಿಗೂ ಅದು ಹೋಗಬೇಕು. ಹೊಡೆಯುವುದು, ಊಟ ತಪ್ಪಿಸುವುದು, ಎಲ್ಲರ ಮುಂದೆ ಅವಮಾನ ಮಾಡುವುದು, ಇಂಥ ಶಿಕ್ಷೆ ಇಲ್ಲಿಲ್ಲ. ದೊಡ್ಡ ಮಕ್ಕಳು ಚಿಕ್ಕವರನ್ನು ಕಾಡುತ್ತಿದ್ದಾರೆ ಅಂತ ನಿಮ್ಮ ಮಗು ಹೇಳಿದರೆ ಮಾತ್ರ ಹಿಂದೆ ನಿಲ್ಲಬೇಡಿ. ಅವತ್ತೇ ನನಗೆ ಹೇಳಿ. ಗುಟ್ಟಾಗಿಡಬೇಕು ಅಂತ ಯಾರಾದರೂ ಮಗುವಿಗೆ ಹೇಳಿದ್ದರೆ ಅದನ್ನಂತೂ ತಕ್ಷಣ ಹೇಳಿ.

ವಾರದ ಸಭೆಯಲ್ಲಿ ಧ್ವಜ ವಂದನೆ, ಸಮವಸ್ತ್ರ ನೋಡುವುದು, ಒಂದು ಆಟ, ಒಂದು ಹೊಸ ಕೆಲಸ, ಆಮೇಲೆ ಪೆಟ್ರೋಲುಗಳು ತಮ್ಮ ತಮ್ಮ ಮೂಲೆಯಲ್ಲಿ ಕೂತು ಮಾತಾಡುವುದು, ಇಷ್ಟಿರುತ್ತದೆ. ಗಂಟು ಹಾಕುವುದು ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಈಗ ಎಲ್ಲದಕ್ಕೂ ಜಿಪ್ ಇದೆಯಲ್ಲ ಅಂತ. ರೀಫ್ ಗಂಟು ಚಪ್ಪಟೆಯಾಗಿ ಕೂರುತ್ತದೆ, ಅದಕ್ಕೇ ಗಾಯದ ಬಟ್ಟೆ ಕಟ್ಟಲು ಒಳ್ಳೆಯದು. ಆದರೆ ಭಾರ ಎಳೆಯುವ ಎರಡು ಹಗ್ಗ ಜೋಡಿಸಲು ಅದನ್ನು ನಂಬಬಾರದು, ಜಾರಿಬಿಡಬಹುದು. ಒಂದು ಹಗ್ಗ ದಪ್ಪ, ಒಂದು ತೆಳ್ಳಗಿದ್ದರೆ ಶೀಟ್ ಬೆಂಡ್. ಬಿಗಿಯದ ಕುಣಿಕೆ ಬೇಕಿದ್ದರೆ ಬೋಲೈನ್. ಯಾವ ಕೆಲಸಕ್ಕೆ ಯಾವುದು ಅಂತ ಕೈಗೆ ಗೊತ್ತಾಗಬೇಕು. ತಪ್ಪು ಗಂಟು ಹಾಕಿದರೆ ಬೈಯುವ ಅಗತ್ಯ ಇಲ್ಲ, ಗಂಟೇ ಬಿಚ್ಚಿಕೊಂಡು ಹೇಳುತ್ತದೆ.

ಕೊರಳಿನ ಸ್ಕಾರ್ಫ್ ಬರೀ ಅಂದಕ್ಕೆ ಅಲ್ಲ. ಬಿಡಿಸಿದರೆ ಮುರಿದ ಕೈಗೆ ಜೋಲಿಯಾಗುತ್ತದೆ. ಮೂರು ಬೆರಳಿನ ವಂದನೆ ಪ್ರತಿಜ್ಞೆಯ ಮೂರು ಭಾಗಗಳಿಗೆ. ಸ್ಕೌಟುಗಳು ಎಡಗೈ ಕುಲುಕುತ್ತಾರೆ, ಮಗು ಎಡಗೈ ಚಾಚಿದರೆ ತಿದ್ದಬೇಡಿ. ಪ್ರತಿಜ್ಞೆ ಮಾಡಿಸುವ ದೀಕ್ಷೆ ಬಂದ ದಿನವೇ ನಡೆಯುವುದಿಲ್ಲ. ಕೆಲವು ವಾರ ಬಂದು, ಅರ್ಥ ಮಾಡಿಕೊಂಡು, ತನಗೆ ಬೇಕು ಅಂತ ಮಗುವಿಗೇ ಅನ್ನಿಸಬೇಕು. ನಿಮಗೆ ಬೇಕು ಅನ್ನಿಸಿದರೆ ಸಾಲದು.

ಪದಕಗಳ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಪಕ್ಕದ ಮನೆಯವನಿಗೆ ಎಷ್ಟು ಸಿಕ್ಕಿದೆ ಅಂತ ಲೆಕ್ಕ ಹಾಕುವ ತಂದೆ ತಾಯಿ ಬಂದ ದಿನ ಆ ಮಗುವಿನ ಖುಷಿ ಅರ್ಧ ಹೋಗುತ್ತದೆ. ಇಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲೇ ಹೋಗುತ್ತದೆ. ರ‍್ಯಾಂಕ್ ಇಲ್ಲ, ಫೇಲ್ ಇಲ್ಲ. ಬರದಿದ್ದರೆ ಮುಂದಿನ ವಾರ ಮತ್ತೆ ಮಾಡಿ ತೋರಿಸುವುದು.

ಇನ್ನು ಬ್ಯಾಗಿನ ವಿಷಯ. ಬೇರೆಯವರ ಉದಾಹರಣೆ ಬೇಡ, ನನ್ನದೇ ಹೇಳುತ್ತೇನೆ. ನನ್ನ ಮಗನ ಮೊದಲ ಶಿಬಿರಕ್ಕೆ ಬ್ಯಾಗು ತುಂಬಿದ್ದು ನಾನು. ಸ್ಕೌಟ್ ಮಾಸ್ಟರ್ ಬೇರೆ! ಎಲ್ಲ ಅಚ್ಚುಕಟ್ಟಾಗಿತ್ತು. ರಾತ್ರಿ ಕತ್ತಲಾಯಿತು, ಅವನಿಗೆ ಟಾರ್ಚ್ ಬೇಕಾಯಿತು. ಬ್ಯಾಗಿನಲ್ಲಿ ಅದು ಎಲ್ಲಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಕತ್ತಲಲ್ಲಿ ಟಾರ್ಚ್ ಹುಡುಕಲು ಟಾರ್ಚ್ ಬೇಕಲ್ಲ. ಕೊನೆಗೆ ಎಲ್ಲವನ್ನೂ ನೆಲಕ್ಕೆ ಸುರಿದ. ಬೆಳಿಗ್ಗೆ ನೋಡಿದರೆ ಒಂದು ಕಾಲುಚೀಲ ಕಾಣೆ. ಅಂದಿನಿಂದ ನಾನು ಮಾಡುವುದು ಇಷ್ಟೇ: ಪಟ್ಟಿ ಮಗುವಿನ ಕೈಯಲ್ಲಿ, ಬ್ಯಾಗೂ ಮಗುವಿನ ಕೈಯಲ್ಲಿ, ನಾನು ಬಾಗಿಲ ಹತ್ತಿರ. "ಎಲ್ಲ ಆಯಿತಾ?" ಅಂತ ಒಂದು ಸಲ ಕೇಳಬಹುದು. ಎರಡನೇ ಸಲ ಬೇಡ. ಔಷಧಿ ಮಾತ್ರ ನೀವೇ ತಂದು, ಹೇಗೆ ಕೊಡಬೇಕು ಅಂತ ಬರೆದು, ನಮ್ಮ ಕೈಗೆ ಕೊಡಿ.

ಸಭೆಗೆ ಬರಲು ಆಗುವುದಿಲ್ಲ ಅಂದರೆ ನೀವು ನನಗೆ ಫೋನ್ ಮಾಡಬೇಡಿ. ಮಗು ತನ್ನ ಲೀಡರಿಗೆ ಹೇಳಲಿ. ಆಟಕ್ಕೆ ಒಬ್ಬರು ಕಡಿಮೆ ಆದರೆ ಯಾರಿಗೆ ತೊಂದರೆ ಅಂತ ಆಗ ಗೊತ್ತಾಗುತ್ತದೆ.

ಮೊದಲ ಶಿಬಿರದಲ್ಲಿ ಮನೆ ನೆನಪಾಗಿ ಅಳುವ ಮಕ್ಕಳಿರುತ್ತಾರೆ. ಹಗಲು ಏನೂ ಇರುವುದಿಲ್ಲ, ಸಂಜೆ ಕತ್ತಲಾಗುವ ಹೊತ್ತಿಗೆ ಶುರುವಾಗುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅವರಿಗೆ ಕೆಲಸ ಕೊಟ್ಟರೆ, ಜೊತೆಗೊಬ್ಬರು ಕೂತರೆ, ಹೆಚ್ಚಿನವರು ಮಲಗುವ ಹೊತ್ತಿಗೆ ಸರಿಹೋಗುತ್ತಾರೆ. ನಿಮ್ಮಲ್ಲಿ ಒಂದೇ ಕೋರಿಕೆ. ಹೊರಡುವ ಮುಂಚೆ "ಬೇಜಾರಾದರೆ ಹೇಳು, ಬಂದು ಕರೆದುಕೊಂಡು ಬರುತ್ತೇನೆ" ಅಂತ ಮಾತು ಕೊಡಬೇಡಿ. ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೆ ಮಗುವಿಗೆ ಕೇಳಿಸುವುದು, ಬೇಜಾರಾಗುವುದು ಖಂಡಿತ, ಅಪ್ಪನಿಗೂ ಹಾಗೇ ಅನ್ನಿಸಿದೆ ಅಂತ. ನಿಜವಾಗಿ ಕರೆದುಕೊಂಡು ಹೋಗಬೇಕಾದ ಸಂದರ್ಭ ಬಂದರೆ ನಾವೇ ಫೋನ್ ಮಾಡುತ್ತೇವೆ.

ಹಾಗಾದರೆ ನಮಗೆ ಕೆಲಸವೇ ಇಲ್ಲವಾ ಅಂತ ಕೇಳಬಹುದು. ಬೇಕಾದಷ್ಟಿದೆ. ಶಿಬಿರಕ್ಕೆ ಸಾಮಾನು ಸಾಗಿಸಬೇಕು, ಲೆಕ್ಕ ನೋಡಬೇಕು, ಹರಿದ ಟೆಂಟ್ ಹೊಲಿಯಬೇಕು. ನಿಮ್ಮಲ್ಲಿ ನರ್ಸ್ ಇದ್ದರೆ, ಬಡಗಿ ಇದ್ದರೆ, ನಕ್ಷತ್ರ ಗುರುತಿಸಲು ಬರುವವರಿದ್ದರೆ ಒಂದು ವಾರ ಬಂದು ಮಕ್ಕಳಿಗೆ ತೋರಿಸಿಕೊಡಿ. ನಿಮ್ಮನ್ನು ಕರೆಯುವುದಕ್ಕೆ ಒಬ್ಬ ಪೆಟ್ರೋಲ್ ಲೀಡರ್ ಫೋನ್ ಮಾಡಬಹುದು. ಮಾತು ತಡವರಿಸಿದರೆ ಸ್ವಲ್ಪ ಕಾಯಿರಿ, ವಾಕ್ಯ ನೀವು ಮುಗಿಸಬೇಡಿ.

ಅಲ್ಲಿ ಮೇಜಿನ ಮೇಲೆ ಫಾರ್ಮ್ ಇದೆ. ಮಕ್ಕಳು ಈಗ ಒಳಗೆ ಬರುತ್ತಾರೆ. ಹೆಸರು, ವಿಳಾಸ, ಹುಟ್ಟಿದ ದಿನ ಅವರೇ ಬರೆಯಲಿ, ಅಕ್ಷರ ಓರೆಯಾದರೂ ಪರವಾಗಿಲ್ಲ. ಆರೋಗ್ಯದ ಭಾಗ ನೀವು ತುಂಬಿ, ಏನನ್ನೂ ಮುಚ್ಚಿಡದೆ ತುಂಬಿ. ಕೆಳಗೆ ಇಬ್ಬರ ಸಹಿಯೂ ಬೇಕು. ಪೆನ್ ಇಲ್ಲದವರು ಹಸಿರು ಸ್ಕಾರ್ಫಿನ ಹುಡುಗಿಯನ್ನು ಕೇಳಿ, ಪೆನ್ನುಗಳ ಲೆಕ್ಕ ಅವಳದ್ದು. ವಾಪಸ್ ಕೊಡುವುದು ಮರೆತರೆ ಅವಳು ಬಿಡುವುದಿಲ್ಲ.