ಹಳೆಯ ಪಿಕಪ್ ಗಾಡಿ: ಕೆಳಗೆ ಬಗ್ಗಿ ನೋಡಿ

ಕೇಳುಗರಿಗೆ ನಮಸ್ಕಾರ. 15-20 ವರ್ಷ ದುಡಿದ ಪಿಕಪ್ ಗಾಡಿ ಇಟ್ಟುಕೊಂಡವರಿಗೆ, ಅಂಥದ್ದೊಂದನ್ನು ಕೊಳ್ಳಬೇಕು ಅಂತ ಹುಡುಕುತ್ತಿರುವವರಿಗೆ ಈ ಹೊತ್ತಿನ ಮಾತು.

ಗಾಡಿ ನೋಡಲು ಹೋದವರು ಏನು ಮಾಡುತ್ತಾರೆ? ಬಾನೆಟ್ ಎತ್ತಿಸುತ್ತಾರೆ, ಎಂಜಿನ್ ಶುರುಮಾಡಿಸಿ ಕಿವಿಗೊಡುತ್ತಾರೆ, ಬಣ್ಣದ ಮೇಲೆ ಕೈಯಾಡಿಸುತ್ತಾರೆ. ಅಲ್ಲಿಗೆ ಮುಗಿಯಿತು. ಕೆಳಗೆ ಬಗ್ಗಿ ನೋಡುವವರು ತೀರಾ ಕಡಿಮೆ. ಪಿಕಪ್ಪಿನ ದುಬಾರಿ ಕಾಯಿಲೆಗಳು ಮೊದಲು ಕಾಣಿಸಿಕೊಳ್ಳುವುದೇ ಕೆಳಗೆ. ಆದ್ದರಿಂದ ಇವತ್ತು ಇದೊಂದೇ ಮಾತು: ಕೆಳಗೆ ಬಗ್ಗಿ ನೋಡಿ.

ಮೊದಲು ಚಾಸಿ. ಕ್ಯಾಬಿನ್ನು, ಲೋಡ್ ಹೇರುವ ಬಾಡಿ, ಎರಡನ್ನೂ ಹೊತ್ತಿರುವುದು ಉದ್ದನೆಯ ಎರಡು ಉಕ್ಕಿನ ತೊಲೆಗಳು. ಹಿಂದಿನ ಆಕ್ಸಲ್ ಮೇಲೆ ಈ ತೊಲೆ ಬಾಗಿರುವ ಜಾಗ, ಕಮಾನು ಪಟ್ಟಿಯ ತುದಿ ಕೂರುವ ಜಾಗ, ಸ್ಟೆಪ್ನಿ ತೂಗುವ ಅಡ್ಡಪಟ್ಟಿ, ಈ ಮೂರು ಕಡೆ ಕೆಸರು ಕೂತು ತೇವ ಆರುವುದಿಲ್ಲ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ‘ಠಣ್’ ಅನ್ನುತ್ತದೆ, ಸವೆದದ್ದು ‘ಡಬ್’ ಅನ್ನುತ್ತದೆ. ಡಬ್ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿ. ಒಳಗೆ ಇಳಿಯಿತೋ, ಆ ಗಾಡಿ ಬೇಡ. ಎಂಜಿನ್ ಎಷ್ಟೇ ಚೆನ್ನಾಗಿರಲಿ, ಬೇಡ. ಎಂಜಿನ್ ಇಳಿಸಿ ಬೇರೆ ಕೂರಿಸಬಹುದು. ಕೊಳೆತ ಚಾಸಿಗೆ ತೇಪೆ ಹಾಕಿ ಅದರ ಮೇಲೆ ಲೋಡ್ ಹೇರುವ ಹಾಗಿಲ್ಲ. ಕೆಳಭಾಗಕ್ಕೆ ಮಾತ್ರ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದಾರೆ ಅಂದರೆ ಇನ್ನೂ ಜೋರಾಗಿ ತಟ್ಟಿ.

ಇನ್ನು ಒಂದು ಶಬ್ದದ ಕತೆ. ಇದನ್ನು ಬಿಡಿಸಿ ಹೇಳಲೇಬೇಕು. ಗಾಡಿ ನಿಂತಲ್ಲಿಂದ ಹೊರಡುವಾಗ, ಕ್ಲಚ್ ಬಿಡುತ್ತಿದ್ದ ಹಾಗೇ ಕೆಳಗಿನಿಂದ ಒಂದು ‘ಟಕ್’. ರಿವರ್ಸ್ ಹಾಕಿದಾಗ ಇನ್ನೊಂದು ‘ಟಕ್’. ಹಳೇ ಗಾಡಿ, ಇದೆಲ್ಲ ಇದ್ದದ್ದೇ ಅಂತ ಬಿಟ್ಟುಬಿಡುತ್ತಾರೆ. ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗ್‌ವರೆಗೆ, ಅಂದರೆ ಹಿಂದಿನ ಆಕ್ಸಲಿನ ನಡುವೆ ಗೇರುಗಳಿರುವ ಉಬ್ಬಿದ ಡಬ್ಬಿಯವರೆಗೆ, ಉದ್ದನೆಯ ಶಾಫ್ಟ್ ತಿರುಗುತ್ತದಲ್ಲ, ಅದರ ತುದಿಗಳಲ್ಲಿ ಕೂಡು ಗುರುತಿನ ಆಕಾರದ ಉಕ್ಕಿನ ತುಂಡು ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಕ್ರಾಸ್ ಅನ್ನುತ್ತಾರೆ. ನಾಲ್ಕು ತುದಿಗೆ ನಾಲ್ಕು ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಸಣ್ಣ ಸಣ್ಣ ಬೇರಿಂಗ್. ಗ್ರೀಸ್ ಒಣಗಿದರೆ ಆ ಸೂಜಿಗಳು ಉಜ್ಜಿ ಪುಡಿಯಾಗುತ್ತವೆ, ಆ ಸಡಿಲದಿಂದಲೇ ಈ ‘ಟಕ್’, ಬಟ್ಟಲಿನ ಅಂಚಿನಲ್ಲಿ ಕಾವಿ ಬಣ್ಣದ ಪುಡಿ ಕಾಣುತ್ತದೆ. ಬಗ್ಗಿ ನೋಡಿದವರಿಗೆ ಕಾಣುತ್ತದೆ!

ಆಗಲೇ ನೋಡಿದರೆ ಕ್ರಾಸ್ ಬದಲಾಯಿಸಿ ಮುಗಿಸಬಹುದು. ಬಿಟ್ಟರೆ ಶಾಫ್ಟ್ ಓಲಾಡುತ್ತದೆ, ವೇಗ ಏರಿದ ಹಾಗೆ ಸೀಟಿನ ಕೆಳಗೆ ನಡುಕ. ಆ ನಡುಕ ಗೇರ್‌ಬಾಕ್ಸಿನ ಹಿಂದೆ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ತಿನ್ನುತ್ತದೆ, ಎಣ್ಣೆ ತೊಟ್ಟಿಕ್ಕಲು ಶುರು. ಗೇರ್ ಎಣ್ಣೆ ಕಡಿಮೆಯಾಯಿತು ಅಂತ ಹೇಳುವ ದೀಪ ಡ್ಯಾಶ್‌ಬೋರ್ಡಿನಲ್ಲಿಲ್ಲ. ಒಳಗಿನ ಬೇರಿಂಗ್ ಊಳಿಡಲು ಶುರುಮಾಡಿದಾಗಲೇ ಗೊತ್ತಾಗುವುದು. ಆಗ ಗೇರ್‌ಬಾಕ್ಸನ್ನೇ ಇಳಿಸಿ ಬಿಚ್ಚಬೇಕು. ಅದಕ್ಕೂ ಮೊದಲೇ ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ತುದಿ ರಸ್ತೆಗೆ ಬಿದ್ದು ಊರಿಕೊಳ್ಳುತ್ತದೆ. ಓಡುತ್ತಿರುವ ಗಾಡಿಯ ಗತಿ ಏನಾದೀತು, ನೀವೇ ಊಹಿಸಿ. ಎಲ್ಲಾ ಶುರುವಾದದ್ದು ಒಂದು ಟಕ್‌ನಿಂದ.

ಪರೀಕ್ಷೆ ಸುಲಭ. ಸಮನೆಲದಲ್ಲಿ ಎಂಜಿನ್ ಬಂದ್ ಮಾಡಿ, ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟು, ಗೇರ್ ನ್ಯೂಟ್ರಲ್‌ಗೆ ತನ್ನಿ. ಕ್ರಾಸಿನ ಆಚೆ ಈಚೆ ಇರುವ ಕವಲುಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಎದುರುಬದುರು ತಿರುಚಿ. ಶಾಫ್ಟ್ ಇಡಿಯಾಗಿ ತುಸು ತಿರುಗಿದರೆ ಹೆದರಬೇಡಿ, ಅದು ಹೌಸಿಂಗಿನ ಗೇರುಗಳ ಸಡಿಲ. ಎರಡು ಕವಲುಗಳ ನಡುವೆ ಮಾತ್ರ ಆಟ ಇರಕೂಡದು. ಕೂದಲೆಳೆಯಷ್ಟು ಇದ್ದರೂ ಕ್ರಾಸ್ ಹೋಗಿದೆ ಅಂತಲೇ ಲೆಕ್ಕ. ಗ್ರೀಸ್ ತುಂಬುವ ಮೂತಿ, ಅಂದರೆ ನಿಪ್ಪಲ್, ಇದ್ದರೆ 5,000 ಕಿಲೋಮೀಟರಿಗೊಮ್ಮೆ 2ನೇ ನಂಬರ್ ಲಿಥಿಯಂ ಗ್ರೀಸ್ ಒತ್ತಿ. ನಾಲ್ಕೂ ಬಟ್ಟಲಿನ ಅಂಚಿನಿಂದ ಹೊಸ ಗ್ರೀಸ್ ಹೊರಬರಬೇಕು. ಶಾಫ್ಟ್ ಬಿಚ್ಚುವ ಮೊದಲು ಬೋಲ್ಟಿನಿಂದ ಜೋಡಿಸಿರುವ ಎರಡೂ ತಟ್ಟೆಗಳ, ಅಂದರೆ ಫ್ಲಾಂಜಿನ, ಮೇಲೆ ಹಾದುಹೋಗುವಂತೆ ಬಣ್ಣದ ಗೆರೆ ಎಳೆಯಿರಿ. ಗೆರೆಗೆ ಗೆರೆ ಕೂಡದೆ ಕಟ್ಟಿದರೆ ಹೊಸ ಕ್ರಾಸ್ ಹಾಕಿಯೂ ನಡುಕ ಹೋಗದೆ ಇರಬಹುದು.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಹೌಸಿಂಗಿನ ಮೇಲೆ ಬೆರಳ ತುದಿಯಷ್ಟು ಒಂದು ಮುಚ್ಚಳ ಇರುತ್ತದೆ, ಒಳಗಿನ ಗಾಳಿ ಹೊರಬಿಡುವ ಬ್ರೀದರ್. ಕೆಸರು ಮೆತ್ತಿ ಅದು ಮುಚ್ಚಿದರೆ ಬಿಸಿಗೆ ಹಿಗ್ಗಿದ ಗಾಳಿ ಎಣ್ಣೆಯನ್ನು ಆಕ್ಸಲ್ ಸೀಲಿನಿಂದ ಹೊರಗೆ ದೂಡುತ್ತದೆ, ಎಣ್ಣೆ ನೇರ ಹಿಂದಿನ ಬ್ರೇಕ್ ಲೈನರಿಗೆ. ಸೀಲ್ ಮೇಲೆ ಸೀಲ್ ಹಾಕಿಸುತ್ತಾರೆ, ಬ್ರೀದರ್ ಬಿಚ್ಚಿ ಊದುವುದಿಲ್ಲ. ದಯವಿಟ್ಟು ಊದಿ. ಹೌಸಿಂಗ್ ಎಣ್ಣೆ ಬದಲಿಸುವಾಗ ಮೊದಲು ಮೇಲಿನ, ಎಣ್ಣೆ ತುಂಬುವ ಬೋಲ್ಟನ್ನು ಸಡಿಲಿಸಿ ನೋಡಿ, ಆಮೇಲೆ ಕೆಳಗಿನದು. ಕೆಳಗಿನದನ್ನು ಮೊದಲು ಬಿಚ್ಚಿ, ಮೇಲಿನದು ತುಕ್ಕಿಗೆ ಕಚ್ಚಿಕೊಂಡಿದ್ದರೆ ಖಾಲಿ ಹೌಸಿಂಗ್ ಇಟ್ಟುಕೊಂಡು ಕೂರಬೇಕಾಗುತ್ತದೆ.

ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಇರುತ್ತದೆ. ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚಿಸುವ ವಾಲ್ವಿನದು. ತುಕ್ಕಿಗೆ ಅದು ಖಾಲಿ ಗಾಡಿಯ ಸ್ಥಿತಿಯಲ್ಲೇ ಜಾಮ್ ಆಗಿದ್ದರೆ, ಖಾಲಿ ಗಾಡಿ ಚೆನ್ನಾಗಿ ನಿಂತರೂ ತುಂಬಿದ ಗಾಡಿ ನಿಲ್ಲುವುದಿಲ್ಲ. ಬ್ರೇಕ್ ಎಣ್ಣೆ 2 ವರ್ಷಕ್ಕೊಮ್ಮೆ ಬದಲಾಗಬೇಕು, ಅದು ಗಾಳಿಯ ತೇವ ಹೀರುತ್ತದೆ. ಕಮಾನು ಪಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಬಿಚ್ಚಿದರೆ ಹೊಸದನ್ನೇ ಹಾಕಿ.

ಖರ್ಚು. ಕೊಂಡ ಬೆಲೆ ಲೆಕ್ಕದ ಮೊದಲ ಸಾಲು ಅಷ್ಟೆ. ಎಲ್ಲ ಎಣ್ಣೆ, ಕೂಲೆಂಟ್, ಫಿಲ್ಟರ್, ಹೋಸ್ ಪೈಪು, ಬೆಲ್ಟು, ಇವಕ್ಕೆ ಮೊದಲ ತಿಂಗಳೇ ಹಣ ತೆಗೆದಿಡಿ. ‘ಈಚೆಗಷ್ಟೇ ಹಾಕಿಸಿದ್ದು’ ಅಂತಾರೆ. ಬಿಲ್ ಇಲ್ಲದಿದ್ದರೆ ಹಾಕಿಸಿಲ್ಲ ಅಂತಲೇ ತಿಳಿಯಿರಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಮೊದಲು ಬದಲಿಸಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. 10 ವರ್ಷ ದಾಟಿದ್ದರೆ ಟೈರಿನ ಗುಂಡಿ ಎಷ್ಟೇ ಸವೆಯದೆ ಉಳಿದಿದ್ದರೂ ತೆಗೆಸಿ, ಸ್ಟೆಪ್ನಿಯನ್ನೂ.

ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ. ಇವತ್ತು ರಾತ್ರಿ ಒಂದು ದೊಡ್ಡ ರಟ್ಟನ್ನು ಗಾಡಿಯ ಕೆಳಗೆ ಹಾಸಿ, ಮುಂದಿನ ತುದಿಗೆ ಗುರುತು ಹಾಕಿಡಿ. ಬೆಳಿಗ್ಗೆ ಎಳೆದು ನೋಡಿ. ಮುಂದೆ ಹಸಿರೋ ಗುಲಾಬಿಯೋ ಕಲೆ ಇದ್ದರೆ ಕೂಲೆಂಟ್, ಕಪ್ಪಗಿದ್ದರೆ ಎಂಜಿನ್ ಎಣ್ಣೆ. ನಡುವೆ ಅಥವಾ ಹಿಂದೆ ಮಂದವಾಗಿ, ಗಂಧಕದ ವಾಸನೆ ಹೊಡೆದರೆ ಗೇರ್ ಎಣ್ಣೆ. ಚಕ್ರದ ಒಳಬದಿಯಲ್ಲಿ ತೆಳುವಾದ, ತಿಳಿಯಾದ ಹನಿ ಇದ್ದರೆ ಬ್ರೇಕ್ ಎಣ್ಣೆ. ಆ ಗಾಡಿಯನ್ನು ಅಲ್ಲಿಂದ ಕದಲಿಸದೆ ಮೆಕ್ಯಾನಿಕ್ಕನ್ನೇ ಕರೆಸಿ. ನಮಸ್ಕಾರ.