ತೊರೆ ಪಕ್ಕ ಟೆಂಟ್ ಹಾಕೋದು: ಈಸ್ಟರ್ನ್ ಸಿಯೆರಾ ಕ್ಯಾಂಪಿಂಗ್

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣ್ತಿರೋದು ರಾಕ್ ಕ್ರೀಕ್. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಪೂರ್ವ ಮಗ್ಗುಲು. ಹೈವೇ 395ರಲ್ಲಿ ಮ್ಯಾಮತ್ ಲೇಕ್ಸ್ ದಾಟಿ ಬಿಷಪ್ ಕಡೆ ಬರುವಾಗ ಟಾಮ್ಸ್ ಪ್ಲೇಸ್ ಅಂತ ಒಂದು ಪುಟ್ಟ ಜಾಗ ಸಿಗುತ್ತೆ. ಅಲ್ಲಿ ಬೆಟ್ಟದ ಕಡೆ ತಿರುಗಿದ್ರೆ, ರಸ್ತೆ ಈ ತೊರೆ ಜೊತೆಗೇ ಏರ್ತಾ ಏರ್ತಾ 10,000 ಅಡಿ ಮೀರಿ ಹೋಗಿ ನಿಲ್ಲುತ್ತೆ. ದಾರಿಯಲ್ಲಿ ಇನ್ಯೋ ನ್ಯಾಷನಲ್ ಫಾರೆಸ್ಟ್‌ಗೆ ಸೇರಿದ ಕ್ಯಾಂಪ್‌ಗ್ರೌಂಡ್‌ಗಳಿವೆ. ಈಸ್ಟ್ ಫೋರ್ಕ್ ಅದರಲ್ಲೊಂದು, ಸುಮಾರು 9,000 ಅಡಿ ಎತ್ತರದಲ್ಲಿ.

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ನಮ್ಮ ಜನ ಕ್ಯಾಂಪಿಂಗ್ ಅಂದ ಕೂಡ್ಲೇ ಯೊಸೆಮಿಟಿ ವ್ಯಾಲಿಗೆ ಮುಗಿಬೀಳ್ತಾರೆ. ಅದೇ ಯೊಸೆಮಿಟಿ ದಾಟಿ ಟಯೋಗಾ ಪಾಸ್ ಅನ್ನೋ ಬೆಟ್ಟದಾರಿ ಮೇಲೆ ಈ ಕಡೆ ಇಳಿದ್ರೆ ಅರ್ಧ ಗಲಾಟೆನೂ ಇರಲ್ಲ. ಆದ್ರೆ ಟಯೋಗಾ ಚಳಿಗಾಲ ಪೂರ್ತಿ ಹಿಮದಲ್ಲಿ ಮುಚ್ಚಿರುತ್ತೆ. ಹಿಮ ಜಾಸ್ತಿ ಬಿದ್ದ ವರ್ಷ ಜೂನ್ ಬಂದ್ರೂ ತೆಗೆಯಲ್ಲ. ಬುಕ್ ಮಾಡೋ ಮೊದಲು ರಸ್ತೆ ತೆರೆದಿದೆಯಾ ನೋಡ್ಕೊಳ್ಳಿ.

ಬುಕಿಂಗ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ. ಇಂಥ ಬಹಳಷ್ಟು ಜಾಗಗಳು 6 ತಿಂಗಳು ಮುಂಚೆ, ಪೆಸಿಫಿಕ್ ಟೈಮ್ ಬೆಳಿಗ್ಗೆ 7ಕ್ಕೆ ತೆರೆಯುತ್ತವೆ. ವೀಕೆಂಡ್ ಸಿಗಲಿಲ್ಲ ಅಂದ್ರೆ ಭಾನುವಾರದಿಂದ ಗುರುವಾರದ ಮಧ್ಯೆ ನೋಡಿ. ಬುಕಿಂಗ್ ಇಲ್ಲದೆ, ಮೊದಲು ಬಂದವರಿಗೆ ಕೊಡೋ ಸೈಟ್‌ಗಳೂ, ಅಂದ್ರೆ ಟೆಂಟ್ ಹಾಕೋ ಜಾಗಗಳೂ, ಕೆಲವು ಕಡೆ ಇವೆ. ಅಲ್ಲಿ ಕವರ್‌ಗೆ ದುಡ್ಡು ಹಾಕಿ ಕಬ್ಬಿಣದ ಡಬ್ಬಿಗೆ ಬಿಡಬೇಕಾಗಬಹುದು, ಅದಕ್ಕೆ ಚಿಲ್ಲರೆ ನೋಟು ಇಟ್ಕೊಂಡಿರಿ. ಮೊಬೈಲ್ ಸಿಗ್ನಲ್ ನಂಬ್ಕೊಂಡು ಹೋಗ್ಬೇಡಿ.

ಈಗ ಮುಖ್ಯ ವಿಷಯ. ಯಾವ ಕ್ಯಾಂಪ್‌ಗ್ರೌಂಡ್ ಅನ್ನೋದಕ್ಕಿಂತ ಅದರೊಳಗೆ ಯಾವ ಸೈಟ್ ಅನ್ನೋದು ದೊಡ್ಡದು. ಎಲ್ರೂ ಮ್ಯಾಪ್ ತೆಗೆದು ನೀರಿಗೆ ತೀರಾ ಅಂಟಿಕೊಂಡಿರೋ ನಂಬರ್‌ನೇ ಆರಿಸ್ತಾರೆ. ಬೇಡ. ಮೂವತ್ತು, ನಲವತ್ತು ಹೆಜ್ಜೆ ದೂರ, ನೀರಿನ ಮಟ್ಟದಿಂದ ಒಂದಾಳು ಎತ್ತರ ಮೇಲಿರೋ ಸೈಟ್ ಹುಡುಕಿ. ರಾತ್ರಿ ಬೆಟ್ಟದ ಮೇಲಿನ ತಣ್ಣನೆ ಗಾಳಿ ಭಾರವಾಗಿ ಕೆಳಗೆ ಹರಿದುಬಂದು ತೊರೆಯ ತಗ್ಗಲ್ಲೇ ಕೂರುತ್ತೆ. ಸ್ವಲ್ಪ ಮೇಲೆ ಹೋದ್ರೂ ಚಳಿ ಕಮ್ಮಿ, ಬೆಳಿಗ್ಗೆ ಟೆಂಟ್ ಒಳಗೆ ನೀರು ತೊಟ್ಟಿಕ್ಕೋದೂ ಕಮ್ಮಿ. ಇನ್ನೊಂದು ಕಾರಣ ಸದ್ದು. ಜೂನ್‌ನಲ್ಲಿ ಹಿಮ ಕರಗುವಾಗ ಈ ತೊರೆ ಜುಳುಜುಳು ಅನ್ನಲ್ಲ, ಭೋರ್ಗರೆಯುತ್ತೆ. ದಡದಲ್ಲಿ ಕೂತ್ರೆ ಪಕ್ಕದಲ್ಲಿರೋ ಮಗು ಕೂಗಿದ್ರೂ ಕೇಳಿಸಲ್ಲ. ಬಿಸಿಲಿಗೆ ಕರಗಿದ ನೀರು ಕೆಳಗೆ ಬರೋಕೆ ಹೊತ್ತು ಹಿಡಿಯುತ್ತೆ, ಹಾಗಾಗಿ ಸಂಜೆ ಮಟ್ಟ ಏರುತ್ತೆ, ಬೆಳಗಿನ ಜಾವ ಇಳಿದಿರುತ್ತೆ. ಬೆಳಿಗ್ಗೆ ಕಲ್ಲು ಮೇಲೆ ಕಾಲಿಟ್ಟು ದಾಟಿದ ಜಾಗ ಸಂಜೆ ದಾಟೋ ಹಾಗಿರಲ್ಲ. ಮಕ್ಕಳನ್ನ ಕರ್ಕೊಂಡು ಹೋಗೋರು ಇದನ್ನ ಮರೀಬೇಡಿ.

ಮ್ಯಾಪಲ್ಲಿ ಟಾಯ್ಲೆಟ್ ಎಲ್ಲಿದೆ ನೋಡಿ. ಅದರ ಪಕ್ಕದ ಸೈಟ್ ಅಂದ್ರೆ ರಾತ್ರಿಯಿಡೀ ಬಾಗಿಲು ಧಡಾರ್, ಟಾರ್ಚ್ ಬೆಳಕು, ಗಾಳಿ ತಿರುಗಿದ್ರೆ ವಾಸನೆ. ಕುಡಿಯೋ ನೀರಿನ ನಲ್ಲಿ ಪಕ್ಕ ಇದ್ರೂ ಜನ ಓಡಾಡ್ತಾನೇ ಇರ್ತಾರೆ. ಲೂಪ್, ಅಂದ್ರೆ ಕ್ಯಾಂಪ್‌ಗ್ರೌಂಡ್ ಒಳಗಿನ ಸುತ್ತುರಸ್ತೆ, ಅದರ ಕೊನೆಯಲ್ಲಿರೋ ಸೈಟ್ ಒಳ್ಳೇದು, ಕಾರುಗಳು ಹಾದುಹೋಗಲ್ಲ. ಸೈಟ್‌ಗೆ ಬಂದ ಮೇಲೆ ತಲೆ ಎತ್ತಿ ನೋಡಿ. ಒಣಗಿದ ಪೈನ್ ಮರ, ಮುರಿದು ಸಿಕ್ಕಿಕೊಂಡಿರೋ ಕೊಂಬೆ ಕಂಡ್ರೆ ಅದರ ಕೆಳಗೆ ಟೆಂಟ್ ಹಾಕೋ ಮಾತೇ ಇಲ್ಲ.

ಇಲ್ಲಿ ನೆಲ ಗ್ರಾನೈಟ್ ಪುಡಿ. ಮೇಲೆ ಮರಳು, ಒಂದು ಗೇಣು ಕೆಳಗೆ ಕಲ್ಲು. ಟೆಂಟ್ ಜೊತೆ ಬರೋ ತೆಳ್ಳನೆ ಅಲ್ಯೂಮಿನಿಯಂ ಗೂಟ ಮೊದಲ ಏಟಿಗೇ ಬಾಗುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ 10 ಇಂಚಿನ ಉಕ್ಕಿನ ಮೊಳೆ, ಒಂದು ಸುತ್ತಿಗೆ ತನ್ನಿ. ಅದೂ ಇಳಿಯಲಿಲ್ಲ ಅಂದ್ರೆ ಹಗ್ಗವನ್ನ ಒಂದು ಉದ್ದದ ಕಟ್ಟಿಗೆಗೆ ಕಟ್ಟಿ, ಕಟ್ಟಿಗೆ ಮೇಲೆ ದೊಡ್ಡ ಕಲ್ಲು ಹೇರಿ. ಹೊರಡುವಾಗ ಕಲ್ಲು ಎಲ್ಲಿತ್ತೋ ಅಲ್ಲೇ ಇಡಿ. ಟೆಂಟ್‌ನ ಗಾಳಿಕಿಂಡಿಗಳನ್ನ ಚಳಿ ಅಂತ ಮುಚ್ಚಬೇಡಿ. ನಿಮ್ಮ ಉಸಿರಿನ ತೇವವೇ ಬಟ್ಟೆಗೆ ತಾಗಿ ಹನಿಯಾಗಿ ಮೈಮೇಲೆ ಬೀಳೋದು.

ಚಳಿ ತಡೆಯೋಕೆ ಜನ ದಪ್ಪ ಸ್ಲೀಪಿಂಗ್ ಬ್ಯಾಗ್ ಕೊಂಡು, ಕೆಳಗೆ ಗಾಳಿ ತುಂಬೋ ಹಾಸಿಗೆ ಹಾಕ್ತಾರೆ. ಮೈ ಬಿಸಿಯೆಲ್ಲ ನೆಲಕ್ಕೇ ಹೋಗುತ್ತೆ. ಬರೀ ಗಾಳಿ ತುಂಬಿದ ಹಾಸಿಗೆ ಚಳಿಗೆ ಏನೇನೂ ಆಗಲ್ಲ. ಆರ್-ವ್ಯಾಲ್ಯೂ (ನೆಲದ ಚಳಿ ಎಷ್ಟು ತಡೆಯುತ್ತೆ ಅನ್ನೋ ಅಳತೆ) 4 ಅಥವಾ ಮೇಲಿರೋ ಪ್ಯಾಡ್ ತಗೊಳ್ಳಿ. ಸ್ಲೀಪಿಂಗ್ ಬ್ಯಾಗ್ ಮೇಲೆ ದೊಡ್ಡದಾಗಿ ಬರೆದಿರೋ ಡಿಗ್ರಿ ನಂಬರ್ ನೋಡಿ ಮೋಸ ಹೋಗ್ಬೇಡಿ, ಬಹಳ ಸಲ ಅದು ಹೇಗೋ ತಡಕೊಳ್ಳಬಹುದಾದ ಮಿತಿ. ಲೇಬಲ್‌ನಲ್ಲಿ ‘ಕಂಫರ್ಟ್’ ಅಂತಿರೋ ನಂಬರ್ ನೋಡಿ. ಜುಲೈಯಲ್ಲೂ ಇಲ್ಲಿ ರಾತ್ರಿ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯಬಹುದು, ಸೆಪ್ಟೆಂಬರ್‌ನಲ್ಲಿ ಸೊನ್ನೆಗೂ ಹೋಗುತ್ತೆ.

ಅಡುಗೆಗೆ ಬರೋಣ. ಬೆಂಗಳೂರಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತೆ, 9,000 ಅಡಿಯಲ್ಲಿ 91ಕ್ಕೇ. ಕೊತಕೊತ ಕುದೀತಿದೆ ಅನಿಸುತ್ತೆ, ತೊಗರಿಬೇಳೆ ಮಾತ್ರ ಕಾಳುಕಾಳಾಗೇ ಉಳಿಯುತ್ತೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸೋ ಸಾಹಸ ಬೇಡ. 3 ಲೀಟರ್ ಕುಕ್ಕರ್ ತನ್ನಿ, ಮನೆಯಲ್ಲಿ ಹಾಕೋದಕ್ಕಿಂತ ಒಂದೆರಡು ವಿಷಲ್ ಜಾಸ್ತಿ ಹಾಕಿಸಿ. ಬೇಳೆ ಮನೆಯಿಂದ್ಲೇ ನೆನೆಸಿ ತಂದ್ರೆ ಗ್ಯಾಸೂ ಉಳಿಯುತ್ತೆ. ಉಪ್ಪಿಟ್ಟು, ಅವಲಕ್ಕಿಗೆ ಈ ತಾಪತ್ರಯ ಇಲ್ಲ.

ಒಲೆ ವಿಷಯದಲ್ಲಿ ಒಂದು ಎಚ್ಚರಿಕೆ. ಏಷ್ಯನ್ ಅಂಗಡಿಗಳಲ್ಲಿ ಸಿಗೋ ಒಂದೇ ಬರ್ನರಿನ ಬ್ಯೂಟೇನ್ ಒಲೆ ಸುಮಾರು ಜನರ ಹತ್ರ ಇರುತ್ತೆ. ಇಲ್ಲಿ ನೋಡಿ, ಗ್ಯಾಸ್ ಕ್ಯಾನ್ ಬರ್ನರ್ ಪಕ್ಕದಲ್ಲೇ ಮಲಗಿರುತ್ತೆ. ಇದರ ಮೇಲೆ ಅಗಲ ದೋಸೆ ಕಾವಲಿ ಇಟ್ರೆ ಅದರ ಅಂಚು ಕ್ಯಾನ್ ಮೇಲಕ್ಕೆ ಚಾಚುತ್ತೆ, ಕಾವು ಕೆಳಗೆ ಹೊಡೆಯುತ್ತೆ, ಕ್ಯಾನ್ ಕಾದು ಸಿಡಿಯಬಹುದು. ಹತ್ತು ಇಂಚಿಗಿಂತ ಚಿಕ್ಕ ಪಾತ್ರೆ ಮಾತ್ರ ಇಡಿ. ಎರಡು ಒಲೆ ಅಕ್ಕಪಕ್ಕ ಇಟ್ಟು ಒಂದೇ ಕಾವಲಿ ಹಾಕೋದಂತೂ ಬೇಡವೇ ಬೇಡ. ಗಾಳಿ ತಡೆಯೋಕೆ ಸುತ್ತಲೂ ಫಾಯಿಲ್ ಕಟ್ಟೋದೂ ಅಷ್ಟೇ ಅಪಾಯ. ಇನ್ನು ಬ್ಯೂಟೇನ್ ಕುದಿಯೋದೇ ಸೊನ್ನೆ ಡಿಗ್ರಿ ಹತ್ರ, ಚಳಿ ಬೆಳಿಗ್ಗೆ ಉರಿ ಸೊರಗುತ್ತೆ. ಪ್ರೊಪೇನ್ ಮೈನಸ್ 42ಕ್ಕೆ ಕುದಿಯುತ್ತೆ, ಅದಕ್ಕೆ ಈ ತೊಂದರೆ ಇಲ್ಲ. ಹಸಿರು ಸಿಲಿಂಡರ್ ಹಾಕೋ ಎರಡು ಬರ್ನರಿನ ಪ್ರೊಪೇನ್ ಒಲೆಯೇ ನಮ್ಮ ಅಡುಗೆಗೆ ಸರಿ. ಯಾವ ಒಲೆಯನ್ನೂ ಟೆಂಟ್ ಒಳಗೆ ಹಚ್ಚಬಾರದು, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಪಾತ್ರೆ ತೊಳೆಯೋದು ತೊರೆಯಲ್ಲಿ ಅಲ್ಲ, ನಲ್ಲಿ ಕೆಳಗೂ ಅಲ್ಲ. ‘ಬಯೋಡಿಗ್ರೇಡಬಲ್’ ಅಂತ ಬರೆದಿರೋ ಸೋಪೂ ನೀರಿಗೆ ಬೀಳಬಾರದು, ಅದು ಕೊಳೆಯೋಕೆ ಮಣ್ಣು ಬೇಕು. ಒಂದು ಟಬ್‌ನಲ್ಲಿ ತೊಳೆದು, ಜರಡಿಯಲ್ಲಿ ಸೋಸಿ. ಅನ್ನದಗುಳು, ಕರಿಬೇವು, ಸಾಸಿವೆ ಕಸದ ಬುಟ್ಟಿಗೆ. ಸೋಸಿದ ನೀರು ಕ್ಯಾಂಪ್‌ಗ್ರೌಂಡ್ ಹೇಳಿದ ಕಡೆ ಚೆಲ್ಲಿ. ಅಂಥ ಜಾಗ ಇಲ್ಲ ಅಂದ್ರೆ ತೊರೆಯಿಂದ 200 ಅಡಿ ಆಚೆ, ಅಂದ್ರೆ ದೊಡ್ಡವರ ಎಂಬತ್ತು ಹೆಜ್ಜೆ. ತೊರೆ ನೀರು ಕನ್ನಡಿ ಹಾಗಿದ್ರೂ ಅದರಲ್ಲಿ ಜಿಯಾರ್ಡಿಯಾ ಅನ್ನೋ, ಹೊಟ್ಟೆ ಕೆಡಿಸೋ ಸೂಕ್ಷ್ಮಜೀವಿ ಇರಬಹುದು. ಫಿಲ್ಟರ್ ಮಾಡಿ, ಇಲ್ಲ ಕುದಿಸಿ. ಈ ಎತ್ತರದಲ್ಲಿ ಕುದಿ ಬಂದ ಮೇಲೆ 3 ನಿಮಿಷ ಬಿಡಬೇಕು.

ಇನ್ನು ಕರಡಿ. ಗ್ರಿಜ್ಲಿ ಈ ರಾಜ್ಯದಲ್ಲಿ ನೂರು ವರ್ಷದ ಹಿಂದೆಯೇ ಅಳಿದುಹೋಯ್ತು, ಇರೋದು ಕಪ್ಪು ಕರಡಿ. ನಮ್ಮ ದರೋಜಿ ಕರಡಿಗೆ ಗೆದ್ದಲು, ಇರುವೆ ಸಾಕು, ಇದಕ್ಕೆ ನಿಮ್ಮ ಕೂಲರೇ ಬೇಕು. ಸೈಟ್‌ನಲ್ಲಿ ಕಬ್ಬಿಣದ ಲಾಕರ್ ಇದ್ರೆ ವಾಸನೆ ಇರೋದೆಲ್ಲ ಅದರೊಳಗೆ: ತುಪ್ಪ, ಇಂಗು, ಉಪ್ಪಿನಕಾಯಿ, ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಸೊಳ್ಳೆ ಓಡಿಸೋಕೆ ತಂದ ಊದುಬತ್ತಿ, ಮಗುವಿನ ಕಾರ್‌ಸೀಟ್ ಸಂದಿಯಲ್ಲಿ ಬಿದ್ದ ಬಿಸ್ಕತ್ತೂ. ಲಾಕರ್ ಅಳತೆ ಎಲ್ಲ ಕಡೆ ಒಂದೇ ಇರಲ್ಲ. ಯೊಸೆಮಿಟಿಯಲ್ಲಿ ಹೆಚ್ಚಿನವು 45 ಇಂಚು ಅಗಲ, 33 ಇಂಚು ಆಳ, 18 ಇಂಚು ಎತ್ತರ. ಚಕ್ರ ಇರೋ ಎತ್ತರದ ಕೂಲರ್ ಇದರೊಳಗೆ ತೂರಲ್ಲ. ಮನೆಯಲ್ಲೇ ಟೇಪ್ ಹಿಡಿದು ನೋಡಿ.

ಬೆಂಕಿ ಹಾಕೋ ಮೊದಲು ಆವತ್ತಿನ ನಿರ್ಬಂಧ ಕೇಳಿ. ಸೌದೆ ಅಲ್ಲೇ ಸುತ್ತಮುತ್ತ ಕೊಳ್ಳಿ, ಊರಿಂದ ತಂದ್ರೆ ಮರ ಕೊರೆಯೋ ಹುಳು ಜೊತೆಗೇ ಬರುತ್ತೆ. ಆರಿಸುವಾಗ ಮಣ್ಣು ಮುಚ್ಚಬೇಡಿ, ಕೆಂಡ ಒಳಗೇ ಬದುಕಿರುತ್ತೆ. ನೀರು ಹುಯ್ಯಿ, ಕೆದಕಿ, ಮತ್ತೆ ಹುಯ್ಯಿ. ಹತ್ತಿರ ಹಿಡಿದ ಅಂಗೈ ಹಿಂಭಾಗಕ್ಕೆ ಬಿಸಿ ತಾಗದೇ ಇರೋ ತನಕ.

ಸಮುದ್ರಮಟ್ಟದಿಂದ ಒಂದೇ ದಿನದಲ್ಲಿ ಇಷ್ಟು ಮೇಲೆ ಬಂದ್ರೆ ಮೊದಲ ರಾತ್ರಿ ತಲೆನೋವು ಮಾಮೂಲು. ಸುಮಾರು 7,600 ಅಡಿಯ ಮೆಗೀ ಕ್ರೀಕ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಒಂದು ರಾತ್ರಿ ಮಲಗಿ ಆಮೇಲೆ ಇಲ್ಲಿಗೆ ಬಂದ್ರೆ ಮೈ ಹೊಂದಿಕೊಳ್ಳುತ್ತೆ. ವಾಂತಿ, ತೂರಾಟ ಶುರುವಾದ್ರೆ ಕಾಯಬೇಡಿ, ಗಾಡಿ ತೆಗೆದು ಕೆಳಗೆ ಇಳಿಯಿರಿ.

ಹೊರಡೋ ದಿನ ಟೆಂಟ್ ಒದ್ದೆಯಾಗೇ ಇರುತ್ತೆ. ಕಣಿವೆ ತಳಕ್ಕೆ ಬಿಸಿಲು ಬರೋದು ತಡ, ಅದಕ್ಕೇ ಮೇಲುಹೊದಿಕೆ ಬಿಚ್ಚಿ ಒಳಮೈ ಮೇಲೆ ಮಾಡಿ ಬಿಸಿಲು ಬಿದ್ದ ಬಂಡೆ ಮೇಲೆ ಹರಡಿ, ಅಷ್ಟರಲ್ಲಿ ಕಾಫಿ ಮಾಡ್ಕೊಳ್ಳಿ. ಒದ್ದೆಯಲ್ಲೇ ಮಡಚಬೇಕಾಗಿ ಬಂದ್ರೆ ಮನೆ ಮುಟ್ಟಿದ ಸಂಜೆಯೇ ಗರಾಜ್‌ನಲ್ಲಿ ಹಗ್ಗಕ್ಕೆ ಹಾಕಿ. ವಾರ ಹಾಗೇ ಬಿಟ್ರೆ ಬೂಷ್ಟು ಹಿಡಿಯುತ್ತೆ. ಅದೇ ಅಭ್ಯಾಸವಾದ್ರೆ ಬಟ್ಟೆಯ ಒಳಗಿನ ಲೇಪ ಅಂಟಂಟಾಗಿ ಸುಲಿದು ಬರುತ್ತೆ, ಆಮೇಲೆ ಆ ಟೆಂಟ್ ಮಳೆ ತಡೆಯಲ್ಲ.